ಹದಿನಾರನೆಯ ವರ್ಷದಲ್ಲಿ ಬಂದ ಮೊದಲ ಪ್ರಶಸ್ತಿ: ಕೋಚ್ ಜಾನ್ ವುಡನ್ ಬಗ್ಗೆ ಒಂದು ಉತ್ತರ

ಪ್ರಶ್ನೆ: ನಾನು ಜಿಲ್ಲಾ ಕೇಂದ್ರವೊಂದರ ಪದವಿ ಕಾಲೇಜಿನಲ್ಲಿ ದೈಹಿಕ ಶಿಕ್ಷಣ ನಿರ್ದೇಶಕನಾಗಿದ್ದೇನೆ. ಆರು ವರ್ಷಗಳಿಂದ ಹುಡುಗರ ಬ್ಯಾಸ್ಕೆಟ್‌ಬಾಲ್ ತಂಡವನ್ನು ತಯಾರು ಮಾಡುತ್ತಿದ್ದರೂ ಅಂತರ ಕಾಲೇಜು ಪಂದ್ಯಾವಳಿಯಲ್ಲಿ ಸೆಮಿಫೈನಲ್ ದಾಟಲು ಆಗಿಲ್ಲ. ಅಮೆರಿಕದ ಕಾಲೇಜು ಕೋಚ್ ಜಾನ್ ವುಡನ್ ಹನ್ನೆರಡು ವರ್ಷಗಳಲ್ಲಿ ಹತ್ತು ಬಾರಿ ರಾಷ್ಟ್ರೀಯ ಪ್ರಶಸ್ತಿ ಗೆದ್ದರೆಂದು ಓದಿದ್ದೇನೆ. ‘ಅವರಿಗೆ ಏಳಡಿಯ ಆಟಗಾರರು ಸಿಕ್ಕಿದ್ದರು, ಆ ಜಾಗದಲ್ಲಿ ಯಾರಿದ್ದರೂ ಗೆಲ್ಲುತ್ತಿದ್ದರು’ ಎಂದು ಸಹೋದ್ಯೋಗಿಗಳು ಹೇಳುತ್ತಾರೆ. ಇದು ನಿಜವೇ? ನನ್ನಂಥವನು ಅವರಿಂದ ಕಲಿಯುವುದೇನಾದರೂ ಇದೆಯೇ?

ಉತ್ತರ: ನಿಮ್ಮ ಸಹೋದ್ಯೋಗಿಗಳ ಮಾತಿನಲ್ಲಿ ಅರ್ಧದಷ್ಟು ನಿಜವಿದೆ, ಅದನ್ನು ಮೊದಲೇ ಒಪ್ಪಿಕೊಂಡು ಮುಂದೆ ಹೋಗುವುದು ಒಳ್ಳೆಯದು. ಲಾಸ್ ಏಂಜಲೀಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ, ಅಂದರೆ ಯುಸಿಎಲ್‌ಎ ತಂಡ, ವುಡನ್ ಅವರ ಕೈಕೆಳಗೆ 1964, 1965, ಆಮೇಲೆ 1967ರಿಂದ 1973ರವರೆಗೆ ಬಿಡದೆ ಏಳು ವರ್ಷ, ಕೊನೆಯದಾಗಿ 1975ರಲ್ಲಿ, ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆಯಾದ ಎನ್‌ಸಿಎಎಯ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. ಇವುಗಳಲ್ಲಿ 1967, 68, 69ರಲ್ಲಿ ತಂಡದ ಸೆಂಟರ್, ಅಂದರೆ ಬುಟ್ಟಿಯ ಹತ್ತಿರ ಆಡುವ ಎತ್ತರದ ಆಟಗಾರ, ಆಗಿದ್ದವರು ಲ್ಯೂ ಆಲ್ಸಿಂಡರ್, ಅಂದರೆ ಮುಂದೆ ಕರೀಂ ಅಬ್ದುಲ್ ಜಬ್ಬಾರ್ ಎಂಬ ಹೆಸರಿನಿಂದ ಪ್ರಸಿದ್ಧರಾದ ಆಟಗಾರ. ಅವರು ಆಡಿದ ಮೂರು ವರ್ಷಗಳಲ್ಲಿ ಯುಸಿಎಲ್‌ಎ 88 ಪಂದ್ಯ ಗೆದ್ದು ಎರಡನ್ನಷ್ಟೇ ಸೋತಿತು. 1972 ಮತ್ತು 73ರಲ್ಲಿ ಅದೇ ಜಾಗದಲ್ಲಿ ಬಿಲ್ ವಾಲ್ಟನ್ ಇದ್ದರು. 1973ರ ಫೈನಲ್‌ನಲ್ಲಿ ಅವರು ಬುಟ್ಟಿಯತ್ತ 22 ಬಾರಿ ಎಸೆದು 21 ಬಾರಿ ಗುರಿ ಮುಟ್ಟಿಸಿ 44 ಅಂಕ ಗಳಿಸಿದರು. ಇಂಥ ಆಟಗಾರರನ್ನು ಇಟ್ಟುಕೊಂಡವರಿಗೆ ಗೆಲುವು ಸುಲಭವೆಂದು ಯಾರಿಗಾದರೂ ಅನ್ನಿಸುವುದು ಸಹಜ.

ಆದರೆ ಹತ್ತರಲ್ಲಿ ಐದು ಪ್ರಶಸ್ತಿಗಳು ಈ ಇಬ್ಬರೂ ಇಲ್ಲದ ವರ್ಷಗಳಲ್ಲಿ ಬಂದವು. ಮೊಟ್ಟಮೊದಲನೆಯದಾದ 1964ರ ತಂಡದಲ್ಲಂತೂ ಮೊದಲ ಐವರಲ್ಲಿ ಒಬ್ಬರೂ ಆರು ಅಡಿ ಐದು ಇಂಚಿಗಿಂತ ಎತ್ತರವಿರಲಿಲ್ಲ, ಮತ್ತು ಆ ತಂಡ ಆಡಿದ 30 ಪಂದ್ಯಗಳನ್ನೂ ಗೆದ್ದಿತು. ಆಲ್ಸಿಂಡರ್ ನ್ಯೂಯಾರ್ಕ್‌ನಿಂದ ಲಾಸ್ ಏಂಜಲೀಸ್‌ಗೆ ಬಂದದ್ದು 1965ರಲ್ಲಿ, ಅಂದರೆ ಎರಡು ಪ್ರಶಸ್ತಿಗಳು ಬಂದ ಮೇಲೆ. ಎತ್ತರದ ಆಟಗಾರರು ಬಂದದ್ದರಿಂದ ಗೆಲುವು ಬಂತು ಎನ್ನುವುದಕ್ಕಿಂತ ಕುಳ್ಳ ತಂಡದ ಗೆಲುವನ್ನು ನೋಡಿ ಎತ್ತರದವರು ಬಂದರು ಎನ್ನುವುದು ಹೆಚ್ಚು ಸರಿ. ನಿಮಗೆ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಆ ಕುಳ್ಳ ತಂಡಕ್ಕೂ ಹಿಂದಿನ ಹದಿನೈದು ವರ್ಷಗಳ ಬಗ್ಗೆ. ವುಡನ್ ಯುಸಿಎಲ್‌ಎಗೆ ಸೇರಿದ್ದು 1948ರಲ್ಲಿ. ಮೊದಲ ಪ್ರಶಸ್ತಿ ಬಂದದ್ದು ಹದಿನಾರನೆಯ ವರ್ಷದಲ್ಲಿ. ಆರು ವರ್ಷಕ್ಕೇ ನೀವು ಎದೆಗುಂದಿರುವುದನ್ನು ನೋಡಿ ಈ ಲೆಕ್ಕವನ್ನು ಮೊದಲು ಮುಂದಿಡುತ್ತಿದ್ದೇನೆ.

ವುಡನ್ ಮೂಲತಃ ಮೇಷ್ಟ್ರು. 1910ರಲ್ಲಿ ಇಂಡಿಯಾನಾ ರಾಜ್ಯದ ಹಳ್ಳಿಯೊಂದರಲ್ಲಿ ರೈತರ ಮನೆಯಲ್ಲಿ ಹುಟ್ಟಿದರು. ಅವರ ಮೊದಲ ಚೆಂಡು ತಾಯಿ ಹಳೆಯ ಕಾಲುಚೀಲದೊಳಗೆ ಚಿಂದಿ ತುರುಕಿ ಹೊಲಿದುಕೊಟ್ಟದ್ದು. ಮೊದಲ ಬುಟ್ಟಿ, ಕೊಟ್ಟಿಗೆಯ ಗೋಡೆಗೆ ತಗುಲಿಹಾಕಿದ ಟೊಮೆಟೊ ಬುಟ್ಟಿ. ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಗಾರ್ಡ್ ಆಗಿ ಆಡಿ ಮೂರು ಬಾರಿ ಅಖಿಲ ಅಮೆರಿಕ ತಂಡಕ್ಕೆ ಆಯ್ಕೆಯಾದರು, ಅಲ್ಲಿಂದ ಇಂಗ್ಲಿಷ್ ಸಾಹಿತ್ಯದ ಪದವಿಯನ್ನೂ ಪಡೆದರು. 1932ರಲ್ಲಿ ಕೆಂಟಕಿಯ ಡೇಟನ್ ಎಂಬ ಊರಿನ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿ ಸೇರಿ, ಜೊತೆಗೆ ಬ್ಯಾಸ್ಕೆಟ್‌ಬಾಲ್ ತಂಡದ ಹೊಣೆಯನ್ನೂ ಹೊತ್ತುಕೊಂಡರು. ಆ ಮೊದಲ ವರ್ಷ ಅವರ ತಂಡ ಗೆದ್ದದ್ದು ಆರು, ಸೋತದ್ದು ಹನ್ನೊಂದು. ಇಡೀ ವೃತ್ತಿಜೀವನದಲ್ಲಿ ಗೆಲುವಿಗಿಂತ ಸೋಲು ಹೆಚ್ಚಾದ ವರ್ಷ ಅದೊಂದೇ. ಆಮೇಲೆ ಸೌತ್ ಬೆಂಡ್ ಊರಿನ ಪ್ರೌಢಶಾಲೆಯಲ್ಲಿ ಒಂಬತ್ತು ವರ್ಷ ಪಾಠ, ಯುದ್ಧಕಾಲದಲ್ಲಿ ನೌಕಾಪಡೆಯ ಸೇವೆ, ಅದು ಮುಗಿದ ಮೇಲೆ 1946ರಿಂದ ಎರಡು ವರ್ಷ ಇಂಡಿಯಾನಾ ಸ್ಟೇಟ್ ಶಿಕ್ಷಕರ ಕಾಲೇಜು.

ಆ ಕಾಲೇಜಿನಲ್ಲಿ ನಡೆದ ಒಂದು ಸಂಗತಿಯನ್ನು ಬಿಡಲು ನನಗೆ ಮನಸ್ಸಿಲ್ಲ. 1947ರಲ್ಲಿ ಅವರ ತಂಡಕ್ಕೆ ಸಣ್ಣ ಕಾಲೇಜುಗಳ ರಾಷ್ಟ್ರೀಯ ಪಂದ್ಯಾವಳಿಗೆ ಆಹ್ವಾನ ಬಂತು. ಆದರೆ ಕಪ್ಪು ಆಟಗಾರರು ಅಲ್ಲಿ ಆಡುವಂತಿಲ್ಲವೆಂಬ ನಿಯಮವಿತ್ತು. ವುಡನ್ ಅವರ ತಂಡದಲ್ಲಿ ಕ್ಲಾರೆನ್ಸ್ ವಾಕರ್ ಎಂಬ ಕಪ್ಪು ಹುಡುಗನಿದ್ದ. ಅವನೇನೂ ತಂಡದ ಮುಖ್ಯ ಆಟಗಾರನಲ್ಲ, ಬೆಂಚಿನಲ್ಲಿ ಕೂರುವವನು. ಆದರೂ ಅವನನ್ನು ಬಿಟ್ಟು ಹೋಗಲಾರೆವೆಂದು ವುಡನ್ ಆಹ್ವಾನವನ್ನೇ ತಿರಸ್ಕರಿಸಿದರು. ಮರುವರ್ಷ ಆ ನಿಯಮ ಹೋಯಿತು, ತಂಡ ವಾಕರ್ ಸಮೇತ ಹೋಗಿ ಫೈನಲ್ ತಲುಪಿ ಸೋತಿತು. ಮೂವತ್ತಾರರ ವಯಸ್ಸಿನ, ಇನ್ನೂ ಯಾರಿಗೂ ಪರಿಚಯವಿಲ್ಲದ ಕೋಚ್ ಒಬ್ಬರು ತಮ್ಮ ಬೆಳವಣಿಗೆಗೆ ಬೇಕಾಗಿದ್ದ ಅವಕಾಶವನ್ನು ಬದಲಿ ಆಟಗಾರನೊಬ್ಬನಿಗಾಗಿ ಬಿಟ್ಟುಕೊಟ್ಟರು. ತಂಡದ ಹುಡುಗರು ಅವರ ಮಾತನ್ನು ಯಾಕೆ ಕೇಳುತ್ತಿದ್ದರು ಎಂಬುದಕ್ಕೆ ನನಗೆ ಇದಕ್ಕಿಂತ ಸ್ಪಷ್ಟವಾದ ವಿವರಣೆ ಸಿಕ್ಕಿಲ್ಲ.

1948ರಲ್ಲಿ ಯುಸಿಎಲ್‌ಎ ಅವರ ಮೊದಲ ಆಯ್ಕೆಯಾಗಿರಲಿಲ್ಲ. ಮಿನೆಸೋಟ ವಿಶ್ವವಿದ್ಯಾಲಯಕ್ಕೆ ಹೋಗಬೇಕೆಂದಿತ್ತು. ಅಲ್ಲಿಂದ ಬರಬೇಕಾಗಿದ್ದ ದೂರವಾಣಿ ಕರೆ ಹಿಮಪಾತದಿಂದಾಗಿ ಹೊತ್ತಿಗೆ ಸರಿಯಾಗಿ ಬರಲಿಲ್ಲ, ಅಷ್ಟರಲ್ಲಿ ಅವರು ಯುಸಿಎಲ್‌ಎಗೆ ಒಪ್ಪಿಗೆ ಕೊಟ್ಟಾಗಿತ್ತು. ಕೊಟ್ಟ ಮಾತನ್ನು ಹಿಂತೆಗೆದುಕೊಳ್ಳಲಿಲ್ಲ. ಹೋಗಿ ನೋಡಿದರೆ ಅಭ್ಯಾಸದ ಜಾಗ ಹಳೆಯ ಕಟ್ಟಡವೊಂದರ ಮೇಲ್ಮಹಡಿ. ಒಂದು ಕಡೆ ಜಿಮ್ನಾಸ್ಟಿಕ್ಸ್, ಇನ್ನೊಂದು ಕಡೆ ಕುಸ್ತಿ, ನಡುವೆ ಇವರ ತಂಡ. ಗಾಳಿ ಆಡದ ಆ ಜಾಗಕ್ಕೆ ಬೆವರಿನ ಕೊಟ್ಟಿಗೆ ಎಂಬರ್ಥದ ಅಡ್ಡಹೆಸರೇ ಇತ್ತು. ದಿನವೂ ಅಭ್ಯಾಸಕ್ಕೆ ಮುಂಚೆ ನೆಲದ ಧೂಳು ತೆಗೆಯುವ ಕೆಲಸವನ್ನು ವುಡನ್ ಸ್ವತಃ ಮಾಡುತ್ತಿದ್ದರು: ಬಕೆಟ್ ಹಿಡಿದು ಕೋಳಿಗಳಿಗೆ ಕಾಳು ಎರಚಿದ ಹಾಗೆ ನೀರು ಚಿಮುಕಿಸುತ್ತ ಅವರು ಮುಂದೆ ಹೋದರೆ, ವಿದ್ಯಾರ್ಥಿ ಸಹಾಯಕರು ಒರೆಸುತ್ತ ಹಿಂದೆ ಬರುತ್ತಿದ್ದರು. ವಿಶ್ವವಿದ್ಯಾಲಯಕ್ಕೆ ಹೊಸ ಒಳಾಂಗಣ ಕ್ರೀಡಾಂಗಣ ಬಂದದ್ದು 1965ರಲ್ಲಿ. ಅಂದರೆ ಮೊದಲ ಎರಡು ಪ್ರಶಸ್ತಿಗಳ ಅಭ್ಯಾಸವೆಲ್ಲ ನಡೆದದ್ದು ಆ ಮಹಡಿಯ ಮೇಲೆಯೇ. ನಿಮ್ಮ ಕಾಲೇಜಿನ ಸಿಮೆಂಟ್ ಅಂಕಣದ ಬಗ್ಗೆ ಪತ್ರದಲ್ಲಿ ನೀವೇನೂ ಬರೆದಿಲ್ಲ, ಆದರೂ ಅದು ಹೇಗಿರಬಹುದೆಂದು ನಾನು ಊಹಿಸಬಲ್ಲೆ.

ಆ ಹದಿನೈದು ವರ್ಷಗಳನ್ನು ವ್ಯರ್ಥವೆನ್ನುವಂತಿಲ್ಲ. ಹಿಂದಿನ ವರ್ಷ ಹನ್ನೆರಡು ಗೆದ್ದು ಹದಿಮೂರು ಸೋತಿದ್ದ ತಂಡ, ವುಡನ್ ಬಂದ ಮೊದಲ ವರ್ಷವೇ 22 ಗೆದ್ದು ಏಳನ್ನಷ್ಟೇ ಸೋತಿತು. ಆದರೂ ಋತುವಿನ ಕೊನೆಯಲ್ಲಿ, ರಾಷ್ಟ್ರೀಯ ಪಂದ್ಯಾವಳಿಯಲ್ಲಿ, ಮತ್ತೆ ಮತ್ತೆ ಮುಗ್ಗರಿಸುತ್ತಿತ್ತು. 1960ರಲ್ಲಿ 14 ಗೆಲುವು, 12 ಸೋಲು. ಯುಸಿಎಲ್‌ಎಯಲ್ಲಿ ಅವರಿಗೆ ಅತ್ಯಂತ ಕೆಟ್ಟ ವರ್ಷ. ಆಗ ಅವರು ಮಾಡಿದ್ದು ಇದು: ವರ್ಷಗಟ್ಟಲೆ ಜೋಪಾನವಾಗಿ ಇಟ್ಟುಕೊಂಡಿದ್ದ ಅಭ್ಯಾಸದ ಟಿಪ್ಪಣಿಗಳನ್ನು ತೆಗೆದು ತಪ್ಪು ಎಲ್ಲಿದೆಯೆಂದು ಹುಡುಕಿದರು. ಎಲ್ಲರಿಗೂ ಸಮಾನ ಅವಕಾಶ ಕೊಡುವ ಹಂಬಲದಲ್ಲಿ ಮುಖ್ಯ ಆಟಗಾರರು ಒಟ್ಟಿಗೆ ಆಡುವ ಸಮಯ ಕಡಿಮೆಯಾಗುತ್ತಿದೆ, ಕೊನೆಗೆ ಬರುವಷ್ಟರಲ್ಲಿ ತಂಡ ದಣಿದಿರುತ್ತದೆ ಎಂದು ಅವರಿಗೆ ಕಂಡಿತು. ಅಲ್ಲಿಂದ ಮುಂದೆ ಏಳೆಂಟು ಜನರನ್ನು ಬೇಗ ಗುರುತಿಸಿ ಅವರನ್ನೇ ಒಟ್ಟಿಗೆ ಪಳಗಿಸುವ ಕ್ರಮಕ್ಕೆ ಬಂದರು. 1962ರಲ್ಲಿ ಮೊದಲ ಬಾರಿಗೆ ರಾಷ್ಟ್ರೀಯ ಸೆಮಿಫೈನಲ್ ತಲುಪಿ, ಸಿನ್ಸಿನಾಟಿಯ ಎದುರು ಎರಡೇ ಅಂಕಗಳಿಂದ ಸೋತರು.

ಕೊನೆಯ ತುಂಡು ಅವರ ತಲೆಯಿಂದ ಬಂದದ್ದಲ್ಲ. ಸಹಾಯಕ ಕೋಚ್ ಜೆರ್ರಿ ನಾರ್ಮನ್, ಅವರದೇ ಹಳೆಯ ವಿದ್ಯಾರ್ಥಿ, ಝೋನ್ ಪ್ರೆಸ್, ಅಂದರೆ ಒಬ್ಬೊಬ್ಬರು ಒಂದೊಂದು ಜಾಗ ಕಾಯುತ್ತ ಅಂಕಣದುದ್ದಕ್ಕೂ ಎದುರಾಳಿಯನ್ನು ಒತ್ತುವ ರಕ್ಷಣೆ, ಬಳಸೋಣವೆಂದು ಒತ್ತಾಯಿಸಿದರು. ತಂಡದಲ್ಲಿ ಎತ್ತರವಿಲ್ಲ, ಎದುರಾಳಿ ನಿಧಾನವಾಗಿ ಆಡಿದರೆ ಬುಟ್ಟಿಯ ಕೆಳಗೆ ನಾವು ಸೋಲುತ್ತೇವೆ, ಆದ್ದರಿಂದ ಅವರನ್ನು ಓಡುವಂತೆ ಮಾಡಬೇಕು ಎಂಬುದು ಅವರ ವಾದ. ವುಡನ್ ಒಪ್ಪಿದರು. ಎದುರಾಳಿ ಗೆರೆಯಾಚೆಯಿಂದ ಚೆಂಡನ್ನು ಅಂಕಣದೊಳಗೆ ಹಾಕಿದ ಕೂಡಲೇ ಮುಂದೆ ಇಬ್ಬರು, ಅವರ ಹಿಂದೆ ಇಬ್ಬರು, ತಮ್ಮ ಬುಟ್ಟಿಯ ಕಡೆ ಒಬ್ಬ. ಚೆಂಡು ಹಿಡಿದವನನ್ನು ಪಕ್ಕದ ಗೆರೆಯ ಕಡೆಗೆ ಅಟ್ಟಿ, ಅಲ್ಲಿ ಇಬ್ಬರು ಸೇರಿ ಮುತ್ತುವುದು. ಚೆಂಡು ಕಸಿಯುವುದೇ ಇದರ ಮುಖ್ಯ ಗುರಿ ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ, ಅದು ತಪ್ಪು ತಿಳಿವಳಿಕೆ. ಎದುರಾಳಿಗೆ ಒಗ್ಗದ ವೇಗವನ್ನು ಅವನ ಮೇಲೆ ಹೇರುವುದು ಗುರಿ. ಆ ವೇಗದಲ್ಲಿ ಅವನು ಎಸೆಯುವ ಎತ್ತರದ, ಅವಸರದ ಪಾಸ್ ತಾನಾಗಿಯೇ ಹಿಂದಿನವನ ಕೈಗೆ ಬರುತ್ತದೆ. ಆ ಹಿಂದಿನ ಜಾಗದಲ್ಲಿ ನಿಲ್ಲುತ್ತಿದ್ದ ಕೀತ್ ಎರಿಕ್ಸನ್ 1964ರ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ವಾಲಿಬಾಲ್ ತಂಡಕ್ಕೆ ಆಡಿದವರು, ನೆಗೆತಕ್ಕೂ ಅಂದಾಜಿಗೂ ಹೆಸರಾದವರು. 1964ರ ಫೈನಲ್‌ನಲ್ಲಿ ಡ್ಯೂಕ್ ತಂಡದಲ್ಲಿ ಆರು ಅಡಿ ಹತ್ತು ಇಂಚಿನ ಇಬ್ಬರಿದ್ದರು. ಮೊದಲರ್ಧದಲ್ಲಿ ಯುಸಿಎಲ್‌ಎ 27–30ರಿಂದ ಹಿಂದಿತ್ತು. ಅಲ್ಲಿಂದ ಸುಮಾರು ಎರಡೂವರೆ ನಿಮಿಷಗಳಲ್ಲಿ ಎದುರಾಳಿಗೆ ಒಂದು ಅಂಕವನ್ನೂ ಬಿಟ್ಟುಕೊಡದೆ ಸತತ 16 ಅಂಕ ಗಳಿಸಿತು. ಪಂದ್ಯ 98–83ಕ್ಕೆ ಮುಗಿಯಿತು, ಆದರೆ ಅದು ತೀರ್ಮಾನವಾದದ್ದು ಆ ಎರಡೂವರೆ ನಿಮಿಷಗಳಲ್ಲಿಯೇ.

ಈಗ ನಿಮಗೆ ನೇರವಾಗಿ ಉಪಯೋಗಕ್ಕೆ ಬರುವ ಭಾಗ, ಅವರ ಅಭ್ಯಾಸದ ಕ್ರಮ. ವುಡನ್ ಅಭ್ಯಾಸವನ್ನು ತರಗತಿಯೆಂದೇ ತಿಳಿದಿದ್ದರು. ಸುಮಾರು ಎರಡು ಗಂಟೆಯ ಅಭ್ಯಾಸಕ್ಕೆ ಬೆಳಿಗ್ಗೆ ಸಹಾಯಕರೊಂದಿಗೆ ಕುಳಿತು ಹೆಚ್ಚುಕಡಿಮೆ ಅಷ್ಟೇ ಹೊತ್ತು ಪಾಠಯೋಜನೆ ಬರೆಯುತ್ತಿದ್ದರು: ಇಷ್ಟು ನಿಮಿಷ ಕಾಲ್ಚಲನೆ, ಇಷ್ಟು ನಿಮಿಷ ಮೂವರ ಪಾಸ್, ಇಷ್ಟು ನಿಮಿಷ ರಿಬೌಂಡ್ (ಗುರಿ ತಪ್ಪಿ ಮರಳುವ ಚೆಂಡನ್ನು ಹಿಡಿಯುವುದು), ಯಾವ ಅಂಕಣಕ್ಕೆ ಎಷ್ಟು ಚೆಂಡು. ಅದನ್ನು ಸಣ್ಣ ಕಾರ್ಡ್‌ಗಳ ಮೇಲೆ ಬರೆದು ಜೇಬಿನಲ್ಲಿಟ್ಟುಕೊಳ್ಳುತ್ತಿದ್ದರು. ಒಂದು ಕಸರತ್ತು ಸರಿಯಾಗಿ ಬರಲಿಲ್ಲವೆಂದು ಅದನ್ನೇ ಹಿಡಿದು ಎಳೆಯುತ್ತಿರಲಿಲ್ಲ. ಹೊತ್ತು ಮುಗಿದರೆ ಮುಗಿಯಿತು, ಅದು ನಾಳೆಯ ಕಾರ್ಡ್‌ಗೆ ಹೋಗುತ್ತಿತ್ತು. ಕಾರ್ಡ್‌ಗಳನ್ನು ಎಸೆಯುತ್ತಲೂ ಇರಲಿಲ್ಲ. ಸೋಲಿನ ವರ್ಷದಲ್ಲಿ ಕೈಹಿಡಿದದ್ದು ಇಂಥ ಟಿಪ್ಪಣಿಗಳೇ.

ಪ್ರತಿ ಋತುವಿನ ಮೊದಲ ದಿನದ ಪಾಠ ಕಾಲುಚೀಲ ತೊಡುವುದು. ಇದನ್ನು ಅನೇಕರು ಸ್ವಾರಸ್ಯಕ್ಕಾಗಿ ಹೇಳಿ ಬಿಟ್ಟುಬಿಡುತ್ತಾರೆ. ಅವರು ಹೇಗೆ ಮಾಡಿಸುತ್ತಿದ್ದರು ನೋಡಿ. ಆಟಗಾರ ಕಾಲುಚೀಲವನ್ನು ಏರಿಸಿಕೊಂಡ ಮೇಲೆ ಬೆರಳುಗಳ ತುದಿಯಿಂದ ಹಿಮ್ಮಡಿಯವರೆಗೆ ಅಂಗೈಯಿಂದ ಒತ್ತುತ್ತ ಬರಬೇಕು. ಕಿರುಬೆರಳಿನ ಬಳಿ ಮತ್ತು ಹಿಮ್ಮಡಿಯ ಸುತ್ತ ಒಂದು ಮಡಿಕೆಯೂ ಉಳಿಯಬಾರದು. ಆಮೇಲೆ ಕಾಲುಚೀಲವನ್ನು ಮೇಲಕ್ಕೆ ಎಳೆದು ಹಿಡಿದಿರುವಾಗಲೇ ಶೂ ತೊಟ್ಟು, ಲೇಸನ್ನು ತುದಿಯಲ್ಲಷ್ಟೇ ಜಗ್ಗದೆ ಒಂದೊಂದು ರಂಧ್ರದಲ್ಲೂ ಬಿಗಿಯುತ್ತ ಬಂದು ಎರಡು ಗಂಟು ಹಾಕಬೇಕು. ಮಡಿಕೆಯಿದ್ದರೆ ಬೊಬ್ಬೆ ಏಳುತ್ತದೆ, ಬೊಬ್ಬೆ ಎದ್ದವನು ಅಭ್ಯಾಸ ತಪ್ಪಿಸುತ್ತಾನೆ, ಪಂದ್ಯದಲ್ಲಿ ಆ ಕಾಲಿನ ಮೇಲೆ ಭಾರ ಹಾಕಿ ತಿರುಗಲು ಹಿಂಜರಿಯುತ್ತಾನೆ. ಬಿಸಿಲಿಗೆ ಕಾದ ಸಿಮೆಂಟ್ ಅಂಕಣದ ಮೇಲೆ ಆಡುವ ನಮ್ಮ ಹುಡುಗರಿಗೆ ಈ ಪಾಠ ಅಮೆರಿಕದ ಮರದ ನೆಲದ ಮೇಲೆ ಆಡುವವರಿಗಿಂತ ಹೆಚ್ಚು ಬೇಕು. ಬೊಬ್ಬೆಯಿಂದಾಗಿ ಎರಡನೆಯ ದಿನ ಕುಂಟುತ್ತ ಆಡಿದ ಎಷ್ಟು ಹುಡುಗರನ್ನು ನಾನೇ ಕಂಡಿದ್ದೇನೋ ಲೆಕ್ಕವಿಲ್ಲ.

ಅವರ ಮಾತಿನ ರೀತಿಯ ಬಗ್ಗೆ ಒಳ್ಳೆಯ ಅಧ್ಯಯನವೊಂದಿದೆ. ರೋಲಂಡ್ ಥಾರ್ಪ್ ಮತ್ತು ರೊನಾಲ್ಡ್ ಗ್ಯಾಲಿಮೋರ್ ಎಂಬ ಇಬ್ಬರು ಮನೋವಿಜ್ಞಾನಿಗಳು 1974–75ರ ಋತುವಿನಲ್ಲಿ, ಅಂದರೆ ವುಡನ್ ಅವರ ಕೊನೆಯ ವರ್ಷದಲ್ಲಿ, ಅಭ್ಯಾಸದ ಹೊತ್ತಿಗೆ ಬಂದು ಕುಳಿತು ಅವರು ಆಡಿದ ಮಾತುಗಳನ್ನು ವಿಂಗಡಿಸಿ ಎಣಿಸಿದರು. ದಾಖಲಾದ 2,326 ಬೋಧನಾ ಕ್ರಿಯೆಗಳಲ್ಲಿ ಮುಕ್ಕಾಲು ಪಾಲು ಬರೀ ಮಾಹಿತಿ: ಏನು ಮಾಡಬೇಕು, ಹೇಗೆ ಮಾಡಬೇಕು, ಯಾವಾಗ ಮಾಡಬೇಕು. ಹೊಗಳಿಕೆ ಶೇಕಡಾ ಏಳರಷ್ಟು, ಬರಿಯ ಬೇಸರ ತೋರಿಸಿದ್ದೂ ಸುಮಾರು ಅಷ್ಟೇ. ತಪ್ಪು ಕಂಡರೆ ಅವರು ಅನುಸರಿಸುತ್ತಿದ್ದ ಕ್ರಮವನ್ನು ಆ ಇಬ್ಬರೂ ವಿಶೇಷವಾಗಿ ಗುರುತಿಸಿದರು: ಆಟ ನಿಲ್ಲಿಸಿ, ಸರಿಯಾದ ಚಲನೆಯನ್ನು ತಾವೇ ಮಾಡಿ ತೋರಿಸುವುದು, ಹುಡುಗ ಈಗಷ್ಟೇ ಮಾಡಿದ ತಪ್ಪನ್ನು ಹಾಗೆಯೇ ಅನುಕರಿಸಿ ತೋರಿಸುವುದು, ಮತ್ತೊಮ್ಮೆ ಸರಿಯಾದದ್ದನ್ನು ತೋರಿಸುವುದು. ಇಷ್ಟಕ್ಕೆ ಮೂರು ಸೆಕೆಂಡಿಗಿಂತ ಹೆಚ್ಚು ಹಿಡಿಯುತ್ತಿದ್ದದ್ದು ಅಪರೂಪ. ಹುಡುಗನ ಕಣ್ಣಿನಲ್ಲಿ ಎರಡೂ ಚಿತ್ರಗಳು ಪಕ್ಕಪಕ್ಕದಲ್ಲಿ ಉಳಿಯುತ್ತಿದ್ದವು, ಕೂಡಲೇ ಆಟ ಮುಂದುವರಿಯುತ್ತಿತ್ತು.

ಇದನ್ನು ಓದಿದ ಮೇಲೆ ನಾನು ನನ್ನದೇ ಅಭ್ಯಾಸವೊಂದರಲ್ಲಿ ಪಾದ ಉಳುಕಿಸಿಕೊಂಡು ಕೂತಿದ್ದ ಹುಡುಗನ ಕೈಗೆ ನೋಟ್‌ಬುಕ್ ಕೊಟ್ಟು, ನಾನು ಕೂಗಿದ್ದನ್ನೆಲ್ಲ ಬರೆದುಕೊಳ್ಳಲು ಹೇಳಿದೆ. ಅವನು ಪ್ರಾಮಾಣಿಕವಾಗಿ ಬರೆದ. ಎರಡು ಪುಟಗಳಲ್ಲಿ ‘ಬೇಗ, ಬೇಗ’, ‘ನೋಡ್ಕೊಂಡು ಆಡ್ರೋ’, ‘ಏನೋ ಮಾಡ್ತಿದ್ದೀಯ’ ಎಂಬ ಮಾತುಗಳೇ ತುಂಬಿದ್ದವು. ಪಾಸ್ ಹಿಡಿಯುವಾಗ ಯಾವ ಕಾಲು ಮುಂದಿರಬೇಕು ಎಂಬಂಥ, ಹುಡುಗರು ಬಳಸಿಕೊಳ್ಳಬಹುದಾದ ಮಾತು ಹುಡುಕಿದರೆ ಐದಾರು ಸಿಕ್ಕವು. ಆಗ ನನಗೆ ಇಪ್ಪತ್ತು ವರ್ಷದ ಅನುಭವವಿತ್ತು. ನೀವೂ ಒಮ್ಮೆ ಈ ಪರೀಕ್ಷೆ ಮಾಡಿಕೊಳ್ಳಿ. ನೋವಾಗುತ್ತದೆ, ಆದರೆ ಅಷ್ಟು ಬೇಗ ಫಲ ಕೊಡುವ ಇನ್ನೊಂದು ಉಪಾಯವನ್ನು ನಾನು ಕಂಡಿಲ್ಲ.

ಎತ್ತರದ ಆಟಗಾರರು ಸಿಕ್ಕ ಮೇಲೆ ವುಡನ್ ಅವರ ಕೆಲಸ ಹಗುರವಾಯಿತೆಂದೂ ಹೇಳಲಾಗದು. ಅದುವರೆಗೆ ಅವರ ಆಕ್ರಮಣವೆಲ್ಲ ಸೆಂಟರನ್ನು ಬುಟ್ಟಿಯಿಂದ ತುಸು ದೂರದ ಫ್ರೀ ಥ್ರೋ ಗೆರೆಯ ಬಳಿ ನಿಲ್ಲಿಸಿ ಕಟ್ಟಿದ್ದು. ಆಲ್ಸಿಂಡರ್ ಬಂದಾಗ, ಐವತ್ತು ದಾಟಿದ ಆ ಕೋಚ್ ತಾವು ಜೀವಮಾನವಿಡೀ ಕಲಿಸಿದ ಆಟವನ್ನು ಬದಿಗಿಟ್ಟು, ಬುಟ್ಟಿಯ ಪಕ್ಕದಲ್ಲಿ ಸೆಂಟರ್ ನಿಲ್ಲುವ ಆಟವನ್ನು ಹೊಸದಾಗಿ ಕಲಿತರು. ಆಲ್ಸಿಂಡರ್ ಹೋದ ಮೇಲೆ ಮತ್ತೆ ಹಳೆಯ ಆಟಕ್ಕೆ ಮರಳಿ, ಸಿಡ್ನಿ ವಿಕ್ಸ್, ಕರ್ಟಿಸ್ ರೋ, ಹೆನ್ರಿ ಬಿಬ್ಬಿ ಅವರಿದ್ದ ತಂಡದಿಂದ 1970ರ ಫೈನಲ್‌ನಲ್ಲಿ ಏಳು ಅಡಿ ಎರಡು ಇಂಚಿನ ಆರ್ಟಿಸ್ ಗಿಲ್ಮೋರ್ ಇದ್ದ ಜಾಕ್ಸನ್‌ವಿಲ್ ತಂಡವನ್ನು ಸೋಲಿಸಿದರು. ಕೈಗೆ ಬಂದ ಹುಡುಗರನ್ನು ನೋಡಿ ಆಟ ಕಟ್ಟಿದರೇ ಹೊರತು ತಮ್ಮ ಆಟಕ್ಕೆ ತಕ್ಕ ಹುಡುಗರಿಲ್ಲವೆಂದು ಕೊರಗಲಿಲ್ಲ.

ಸೋಲುಗಳೂ ಇದ್ದವು. ಸತತ 88 ಗೆಲುವಿನ ಸರಣಿ 1974ರ ಜನವರಿ 19ರಂದು ನೋಟ್ರೆ ಡೇಮ್ ವಿಶ್ವವಿದ್ಯಾಲಯದ ಅಂಕಣದಲ್ಲಿ ಮುರಿಯಿತು. ಕೊನೆಯ ಮೂರೂವರೆ ನಿಮಿಷ ಇರುವಾಗ 11 ಅಂಕ ಮುಂದಿದ್ದ ತಂಡ 70–71ರಿಂದ ಸೋತಿತು. ಅದೇ ವರ್ಷದ ರಾಷ್ಟ್ರೀಯ ಸೆಮಿಫೈನಲ್‌ನಲ್ಲಿ, ಎರಡನೆಯ ಹೆಚ್ಚುವರಿ ಅವಧಿಯಲ್ಲಿ ಏಳು ಅಂಕ ಮುಂದಿದ್ದೂ, ನಾರ್ತ್ ಕ್ಯಾರೊಲೈನಾ ಸ್ಟೇಟ್ ಎದುರು ಸೋತರು. ಮರುವರ್ಷ ವಾಲ್ಟನ್ ಇಲ್ಲದ ತಂಡದೊಂದಿಗೆ ಸೆಮಿಫೈನಲ್ ಗೆದ್ದ ಮೇಲೆ, ಇದೇ ತಮ್ಮ ಕೊನೆಯ ಪಂದ್ಯಾವಳಿಯೆಂದು ಹುಡುಗರಿಗೆ ತಿಳಿಸಿದರು. ಎರಡು ದಿನಗಳ ನಂತರ ಕೆಂಟಕಿಯನ್ನು 92–85ರಿಂದ ಸೋಲಿಸಿ ನಿವೃತ್ತರಾದರು. ಯುಸಿಎಲ್‌ಎಯಲ್ಲಿ 27 ವರ್ಷ, 620 ಗೆಲುವು, 147 ಸೋಲು. ಅವರ ವಾರ್ಷಿಕ ಸಂಬಳ ಎಂದೂ 35,000 ಡಾಲರ್ ದಾಟಲಿಲ್ಲ.

ಅವರನ್ನು ದೇವರ ಪಟವಾಗಿ ಗೋಡೆಗೆ ತಗುಲಿಹಾಕುವುದು ಬೇಡ. ಅವರ ಕಾಲದಲ್ಲಿ ತಂಡದ ಸುತ್ತ ಓಡಾಡುತ್ತಿದ್ದ ಶ್ರೀಮಂತ ಹಿತೈಷಿಯೊಬ್ಬರು ಆಟಗಾರರಿಗೆ ನಿಯಮಬಾಹಿರವಾಗಿ ನೆರವು ನೀಡುತ್ತಿದ್ದರೆಂದು 1980ರ ದಶಕದ ಆರಂಭದಲ್ಲಿ ಪತ್ರಿಕೆಗಳು ವಿವರವಾಗಿ ಬರೆದವು, 1981ರಲ್ಲಿ ಎನ್‌ಸಿಎಎ ವಿಶ್ವವಿದ್ಯಾಲಯದ ಮೇಲೆ ಶಿಸ್ತುಕ್ರಮವನ್ನೂ ಕೈಗೊಂಡಿತು. ವುಡನ್ ಅವರ ಪ್ರಶಸ್ತಿಗಳಿಗೆ ಧಕ್ಕೆಯಾಗಲಿಲ್ಲ, ಅವರ ಮೇಲೆ ಆರೋಪವೂ ಬರಲಿಲ್ಲ. ಆದರೂ ಕಾಲುಚೀಲದ ಮಡಿಕೆಯನ್ನು ಬಿಡದೆ ನೋಡಿದ ಮೇಷ್ಟ್ರು, ಹುಡುಗರ ಬಳಿ ಯಾರು ಬರುತ್ತಾರೆ, ಏನು ಕೊಡುತ್ತಾರೆ ಎಂಬುದನ್ನೂ ಅಷ್ಟೇ ಗಮನವಿಟ್ಟು ನೋಡಬೇಕಾಗಿತ್ತು ಎಂಬುದು ನನ್ನ ದೃಢ ಅಭಿಪ್ರಾಯ.

ಇನ್ನು ನಿಮ್ಮ ತಂಡ. ವುಡನ್ ಅವರ ಎಲ್ಲವನ್ನೂ ಹಾಗೆಯೇ ತಂದುಕೊಳ್ಳಬೇಡಿ. ಏಳೆಂಟು ಜನರಿಗೆ ಸೀಮಿತವಾಗುವ ಕ್ರಮ ಅವರಿಗೆ ಹೊಂದಿಕೊಂಡಿತು, ಯಾಕೆಂದರೆ ಅವರ ಋತು ತಿಂಗಳುಗಟ್ಟಲೆ ಹರಡಿಕೊಂಡಿತ್ತು. ನಮ್ಮ ಅಂತರ ಕಾಲೇಜು ಪಂದ್ಯಾವಳಿ ಎರಡು ಮೂರು ದಿನಗಳಲ್ಲಿ ಮುಗಿದುಹೋಗುತ್ತದೆ, ಒಂದೇ ದಿನ ಎರಡು ಪಂದ್ಯ ಆಡಬೇಕಾಗುವುದೂ ಉಂಟು. ನಿಮಗೆ ನಂಬಿಕೆಯ ಒಂಬತ್ತು ಜನ ಬೇಕು. ನೀವು ಆರು ವರ್ಷವೂ ಸೆಮಿಫೈನಲ್‌ನಲ್ಲೇ ನಿಲ್ಲುತ್ತಿರುವುದಕ್ಕೆ ಕಾರಣ ಕೌಶಲದ ಕೊರತೆಯೋ ಕಾಲುಗಳ ದಣಿವೋ ಎಂಬುದನ್ನು ಮೊದಲು ತಿಳಿದುಕೊಳ್ಳಿ: ಹಿಂದಿನ ಸೋಲುಗಳ ಸ್ಕೋರ್‌ಶೀಟ್ ಸಿಕ್ಕಿದರೆ ಕೊನೆಯ ಕ್ವಾರ್ಟರ್‌ನ ಅಂಕಗಳನ್ನೂ ಫೌಲ್‌ಗಳನ್ನೂ ಬೇರೆಯಾಗಿ ಬರೆದು ನೋಡಿ. ದಣಿವೇ ಕಾರಣವಾದರೆ ಝೋನ್ ಪ್ರೆಸ್ ಅನ್ನು ಈ ವರ್ಷ ಮುಟ್ಟಬೇಡಿ, ಅದು ದಣಿದ ತಂಡವನ್ನು ಇನ್ನಷ್ಟು ದಣಿಸುತ್ತದೆ. ನಾಳೆಯಿಂದ ದಿನಕ್ಕೊಂದು ಕಾರ್ಡ್ ಬರೆದು ದಿನಾಂಕ ಹಾಕಿ ಇಟ್ಟುಕೊಳ್ಳಿ. ಪಂದ್ಯಾವಳಿ ಮುಗಿದ ಮೇಲೆ ಆ ಕಾರ್ಡ್‌ಗಳನ್ನು ಸ್ಕೋರ್‌ಶೀಟ್‌ಗಳ ಜೊತೆಗೆ ಇಟ್ಟುಕೊಂಡು ಓದಿ, ಕಂಡದ್ದನ್ನು ನನಗೆ ಮತ್ತೆ ಬರೆಯಿರಿ.